ಹಳೆಯ ಕಸದ ಗುಡ್ಡದ ಕೆಳಗಿನ ಮಣ್ಣು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಾವಳ್ಳಿಪುರಕ್ಕೆ 2012ರಲ್ಲಿ, ಮಂಡೂರಿಗೆ 2014ರ ಕೊನೆಗೆ, ಗ್ರಾಮಸ್ಥರ ಹೋರಾಟದ ಫಲವಾಗಿ ಕಸದ ಲಾರಿಗಳು ಬರುವುದು ನಿಂತಿತು. ಆದರೆ ಇಂಥ ರಾಶಿಗಳೊಳಗೆ ಇಳಿಯುವ ಮಳೆನೀರು ಬ್ಯಾಟರಿ, ಬಣ್ಣ, ಟ್ಯೂಬ್‌ಲೈಟು, ಕೊಳೆತ ಪದಾರ್ಥ ಎಲ್ಲದರ ಸಾರವನ್ನೂ ಹೀರಿಕೊಂಡು ಕಪ್ಪು ರಸವಾಗಿ ನೆಲಕ್ಕೆ ಬಸಿಯುತ್ತಲೇ ಇರುತ್ತದೆ. ಹಾಗಾಗಿ ಕೆಳಗಿನ ಮಣ್ಣನ್ನು ಪರೀಕ್ಷಿಸದೆ ಗತಿಯಿಲ್ಲ.

ಮಣ್ಣು ಪರೀಕ್ಷೆ ನಮ್ಮ ರೈತರಿಗೆ ಹೊಸದಲ್ಲ. ಹೊಲದ ಹಲವು ಕಡೆ ‘ವಿ’ ಆಕಾರದ ಗುಂಡಿ ತೆಗೆದು, ಮೇಲಿನ ಆರರಿಂದ ಒಂಬತ್ತು ಅಂಗುಲದ ಮಣ್ಣನ್ನು ಒಟ್ಟಿಗೆ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಪಾಲುಗಳನ್ನು ಬಿಡುತ್ತ ಬಂದು, ಕೊನೆಗೆ ಉಳಿದ ಅರ್ಧ ಕಿಲೋ ಮಣ್ಣನ್ನು ಚೀಲದಲ್ಲಿ ಕಟ್ಟಿ ಕಳುಹಿಸುತ್ತಾರೆ. ಗೊಬ್ಬರದ ಲೆಕ್ಕಕ್ಕೆ ಅದೇ ಸರಿ. ಕಸ ಸುರಿದ ಜಾಗದಲ್ಲಿ ಮಾತ್ರ ಈ ಬೆರಕೆಯೇ ಮೋಸ ಮಾಡುತ್ತದೆ. ಯಾವುದೋ ಮೂಲೆಯಲ್ಲಿ ಸೋರಿದ ಒಂದು ಡ್ರಮ್ಮಿನ ವಿಷ ಸುತ್ತಲಿನ ಒಳ್ಳೆಯ ಮಣ್ಣಿನೊಡನೆ ಸೇರಿ, ಸರಾಸರಿಯಲ್ಲಿ ಕಾಣದಂತಾಗುತ್ತದೆ. ವರದಿ ಸ್ವಚ್ಛವಾಗಿರುತ್ತದೆ, ನೆಲವಲ್ಲ. ಆದ್ದರಿಂದ ಇಲ್ಲಿ ಒಂದೊಂದು ಗುಂಡಿಯ, ಒಂದೊಂದು ಪದರದ ಮಣ್ಣನ್ನೂ ಬೇರೆಬೇರೆಯಾಗಿ ಕಟ್ಟಿ, ಸ್ಥಳ ಮತ್ತು ಆಳವನ್ನು ಬರೆದಿಡಬೇಕು. ಪೆಟ್ರೋಲ್, ಥಿನ್ನರ್‌ಗಳಂತಹ ಆವಿಯಾಗುವ ವಸ್ತುಗಳ ಸಂಶಯವಿದ್ದಲ್ಲಿ ಮಣ್ಣನ್ನು ಕೆದಕದೆ, ಗಾಜಿನ ಸೀಸೆಯಲ್ಲಿ ಅಂಚಿನವರೆಗೆ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸಾಗಿಸಬೇಕು. ಇಲ್ಲವಾದರೆ ಪ್ರಯೋಗಾಲಯ ತಲುಪುವಷ್ಟರಲ್ಲಿ ಅವು ಹಾರಿಹೋಗಿರುತ್ತವೆ.

ಎಲ್ಲಿ ಅಗೆಯಬೇಕೆಂಬುದನ್ನು ಕಂದಾಯ ನಕ್ಷೆ, ಹಳೆಯ ಉಪಗ್ರಹ ಚಿತ್ರಗಳು ಸ್ವಲ್ಪಮಟ್ಟಿಗೆ ಹೇಳುತ್ತವೆ. ಮುಚ್ಚಿಹೋದ ಹಳ್ಳ ಯಾವುದು, ರಾತ್ರಿ ಲಾರಿಗಳು ಯಾವ ಕಡೆ ಸುರಿಯುತ್ತಿದ್ದವು ಎಂಬುದನ್ನು ದನ ಮೇಯಿಸುವವರು, ಚಿಂದಿ ಆಯುವವರು ಹೇಳಬಲ್ಲರು. ಅವರನ್ನು ಕೇಳದೆ ಸಲಕರಣೆ ಇಳಿಸುವ ತಜ್ಞರ ಬಗ್ಗೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ.

ಹೋಲಿಕೆಗೆ ಕಸ ತಾಗದ, ರಾಶಿಗಿಂತ ಎತ್ತರದ ಕಡೆಯ ನೆಲದ ಮಣ್ಣೂ ಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣವಷ್ಟೇ ಅಲ್ಲ, ಕ್ರೋಮಿಯಂ, ನಿಕ್ಕಲ್ ಕೂಡ ಒಂದಿಷ್ಟು ಸಹಜವಾಗಿಯೇ ಇರುತ್ತವೆ; ಹೋಲಿಸದಿದ್ದರೆ ಅವೂ ಕಸದಿಂದಲೇ ಬಂದವೆಂದು ತಪ್ಪು ತಿಳಿಯುತ್ತೇವೆ.

ಬೆಂಗಳೂರಿನ ಸುತ್ತಲಿನ ನೆಲದಲ್ಲಿ ಮಣ್ಣಿನ ಕೆಳಗೆ ಶಿಥಿಲಗೊಂಡ ಶಿಲೆ, ಅದರ ಕೆಳಗೆ ಬಿರುಕುಗಳಿರುವ, ನೈಸ್ (gneiss) ಎಂಬ ಗಟ್ಟಿ ಬಂಡೆ ಇರುತ್ತದೆ. ಬಸಿದ ರಸ ಆ ಬಿರುಕುಗಳ ಜಾಡು ಹಿಡಿಯುವುದರಿಂದ, ಹತ್ತಿರದ ಕೊಳವೆಬಾವಿ ಚೆನ್ನಾಗಿದ್ದು ದೂರದ್ದು ಕೆಟ್ಟಿರುವುದುಂಟು. ಮಳೆಗಾಲದ ಮೊದಲೂ ನಂತರವೂ ನೀರನ್ನು ಪರೀಕ್ಷಿಸಬೇಕು. ತನಿಖೆಗೆಂದು ಕೊರೆದ ರಂಧ್ರಗಳನ್ನು ನೀರು ತಾಗಿದರೆ ಉಬ್ಬುವ ಬೆಂಟೊನೈಟ್ ಜೇಡಿಯಿಂದ ಬಿಗಿಯಾಗಿ ಮುಚ್ಚುವುದನ್ನಂತೂ ಮರೆಯಬಾರದು. ಬಾಯ್ತೆರೆದ ರಂಧ್ರವೇ ಮುಂದಿನ ಮಳೆಯಲ್ಲಿ ಆ ರಸಕ್ಕೆ ಬಂಡೆಯವರೆಗಿನ ನೇರ ದಾರಿಯಾಗುತ್ತದೆ.

ನಮಸ್ಕಾರ.