ರಾಜೀನಾಮೆ ಕೊಟ್ಟು ಬರಲಿ, ಮತ ಕೇಳಲಿ

ಗೋವೆಯ ಕನ್ನಡ ಬಂಧುಗಳೇ,

ನಿಮ್ಮಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಮೆ ಅರಸಿ ಬಂದವರು. ಎಷ್ಟೋ ಜನರ ಮತ ಈಗ ಇಲ್ಲಿಯೇ ಇದೆ. ಆದ್ದರಿಂದ ಇಲ್ಲಿನ ಶಾಸಕರೊಬ್ಬರನ್ನೇ ಎತ್ತಿಕೊಂಡು ಪಕ್ಷಾಂತರದ ಬಗ್ಗೆ ಮಾತನಾಡುತ್ತೇನೆ.

ದಿಗಂಬರ ಕಾಮತ್ 1994ರಲ್ಲಿ ಬಿಜೆಪಿಯಿಂದ ಮಡಗಾಂವದ ಶಾಸಕರಾದರು. 2005ರಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಕಾಂಗ್ರೆಸ್ ಸೇರಿದರು; ಮನೋಹರ ಪರ್ರೀಕರರ ಸರ್ಕಾರ ಅಲುಗಾಡಿತು. ಆ ನಡೆ ಸರಿಯೋ ತಪ್ಪೋ ಎಂದು ಬೇಕಾದಷ್ಟು ವಾದಿಸಬಹುದು. ಆದರೆ ಒಂದು ಮಾತನ್ನು ಮರೆಯಬಾರದು: ಅವರು ಉಪಚುನಾವಣೆಗೆ ನಿಂತರು, ಹೊಸ ಚಿಹ್ನೆ ಹಿಡಿದು ಅದೇ ಜನರ ಮುಂದೆ ಹೋದರು, ಗೆದ್ದರು. 2007ರಿಂದ 2012ರವರೆಗೆ ಮುಖ್ಯಮಂತ್ರಿಯೂ ಆದರು.

ಈಗ 2022ಕ್ಕೆ ಬನ್ನಿ. ಚುನಾವಣೆಗೆ ಮುನ್ನ, ಜನವರಿಯಲ್ಲಿ, ಕಾಂಗ್ರೆಸ್ ತನ್ನ ಅಭ್ಯರ್ಥಿಗಳನ್ನು ಪಣಜಿಯ ಮಹಾಲಕ್ಷ್ಮಿ ದೇವಸ್ಥಾನಕ್ಕೆ, ಬಾಂಬೋಳಿಯ ಶಿಲುಬೆಯ ಬಳಿಗೆ, ಬೇತಿಯ ದರ್ಗಾಕ್ಕೆ ಕರೆದೊಯ್ದು ಪಕ್ಷ ಬಿಡುವುದಿಲ್ಲವೆಂದು ಆಣೆ ಮಾಡಿಸಿತು. ಅದಕ್ಕೂ ಕಾರಣವಿತ್ತು. 2019ರ ಜುಲೈನಲ್ಲಿ ಅದರ 15 ಶಾಸಕರಲ್ಲಿ 10 ಮಂದಿ ಒಟ್ಟಾಗಿ ಬಿಜೆಪಿಗೆ ಹೋಗಿದ್ದರು. ಆಣೆಯೂ ನಿಲ್ಲಲಿಲ್ಲ. ಸೆಪ್ಟೆಂಬರ್ 14ರಂದು 11 ಶಾಸಕರಲ್ಲಿ 8 ಮಂದಿ ಬಿಜೆಪಿ ಸೇರಿದರು. ಕಾಮತರೂ ಅವರಲ್ಲಿ ಒಬ್ಬರು. ಈ ಸಲ ರಾಜೀನಾಮೆ ಇಲ್ಲ, ಉಪಚುನಾವಣೆಯೂ ಇಲ್ಲ. ಮಡಗಾಂವದ ಮತದಾರನನ್ನು ಯಾರೂ ಕೇಳಲಿಲ್ಲ. 2025ರ ಆಗಸ್ಟ್‌ನಲ್ಲಿ ಅವರು ಮಂತ್ರಿಯಾದರು.

ವ್ಯಕ್ತಿ ಅವರೇ, ಕ್ಷೇತ್ರವೂ ಅದೇ. ಹಾಗಾದರೆ ಈ ವ್ಯತ್ಯಾಸ ಏಕೆ? ಉತ್ತರ ಸಂವಿಧಾನದ ಹತ್ತನೇ ಅನುಸೂಚಿಯಲ್ಲಿದೆ. 1985ರಲ್ಲಿ ಬಂದ ಈ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ ಒಬ್ಬಂಟಿಯಾಗಿ ಪಕ್ಷ ಬಿಟ್ಟವನು ಅನರ್ಹ, ಅವನ ಶಾಸಕ ಸ್ಥಾನ ಹೋಗುತ್ತದೆ. ಮೂರನೇ ಎರಡರಷ್ಟು ಶಾಸಕರು ಜೊತೆಗಿದ್ದು ಅದನ್ನು ಬೇರೆ ಪಕ್ಷದೊಂದಿಗೆ ವಿಲೀನ ಎಂದು ಕರೆದರೆ ಸ್ಥಾನಕ್ಕೆ ರಕ್ಷಣೆ. 15ರಲ್ಲಿ 10, 11ರಲ್ಲಿ 8: ಎರಡೂ ಸಲ ಬೇಕಾದಷ್ಟೇ ತಲೆಗಳು ಸೇರಿದವು, ಒಂದೂ ಹೆಚ್ಚಿಲ್ಲ. ಒಬ್ಬ ಮಾಡಿದರೆ ತಪ್ಪು, ಎಂಟು ಜನ ಸೇರಿ ಮಾಡಿದರೆ ತಪ್ಪಲ್ಲ ಎಂಬ ಈ ಲೆಕ್ಕವನ್ನು ನಾನು ಒಪ್ಪಲಾರೆ.

ನಮ್ಮ ಕರ್ನಾಟಕದಲ್ಲೂ 2019ರಲ್ಲಿ ದೊಡ್ಡ ಪಕ್ಷಾಂತರ ನಡೆಯಿತು. ನನಗೂ ಅದು ನೋವು ತಂದ ಸಂಗತಿ. ಆದರೆ ಮೂರನೇ ಎರಡರಷ್ಟು ಶಾಸಕರು ಸೇರದ ಕಾರಣ ಅಲ್ಲಿ ವಿಲೀನದ ದಾರಿ ಇರಲಿಲ್ಲ, 17 ಮಂದಿ ಅನರ್ಹರಾದರು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಹೆಚ್ಚಿನವರು ಗೆದ್ದರು, ನಿಜ. ಆದರೆ ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್, ಹುಣಸೂರಿನಲ್ಲಿ ಎಚ್. ವಿಶ್ವನಾಥ್ ಸೋತರು. ಬೇಡವೆನ್ನುವ ಅವಕಾಶ ಅಲ್ಲಿನ ಜನರಿಗೆ ಸಿಕ್ಕಿತು. ಮಡಗಾಂವದವರಿಗೆ 2022ರಲ್ಲಿ ಸಿಗಲಿಲ್ಲ.

ನಲ್ಲಿ ನೀರು, ರೇಷನ್ ಕಾರ್ಡ್ ಮಾಡಿಸಿಕೊಟ್ಟವರಿಗೇ ನಮ್ಮ ಮತ, ಪಕ್ಷ ಯಾವುದಾದರೇನು ಎಂದು ನೀವು ಕೇಳಬಹುದು. ಕೂಲಿ ಬಿಟ್ಟು ಕಚೇರಿಗೆ ಅಲೆದವರ ಮಾತು ಅದು, ತಳ್ಳಿಹಾಕುವಂಥದ್ದಲ್ಲ. ಹಾಗೆ ಕೆಲಸ ಮಾಡಿದ ಶಾಸಕನಿಗೆ ನಿಮ್ಮ ಬಳಿ ಮತ್ತೊಮ್ಮೆ ಬರಲು ಭಯವೇಕೆ? ರಾಜೀನಾಮೆ ಕೊಟ್ಟು ಬರಲಿ, ನೀವೇ ಗೆಲ್ಲಿಸಿ ಕಳುಹಿಸಿ.

ಮೂರನೇ ಒಂದರಷ್ಟು ಶಾಸಕರು ಒಡೆದು ಹೋದರೂ ಅನರ್ಹತೆ ಇಲ್ಲವೆಂಬ ವಿನಾಯಿತಿ ಹಿಂದೆ ಇತ್ತು. 2003ರ 91ನೇ ತಿದ್ದುಪಡಿ ಅದನ್ನು ಕಿತ್ತುಹಾಕಿತು. ವಿಲೀನದ ವಿನಾಯಿತಿಯನ್ನೂ ಸಂಸತ್ತು ಹಾಗೆಯೇ ಕಿತ್ತುಹಾಕಬೇಕು. ಮುಂದಿನ ಚುನಾವಣೆಗೆ ಮತ ಕೇಳಿಕೊಂಡು ನಿಮ್ಮ ಓಣಿಗೆ ಬರುವ ಪ್ರತಿಯೊಬ್ಬ ಅಭ್ಯರ್ಥಿಯನ್ನೂ, ಯಾವ ಪಕ್ಷದವರೇ ಆಗಲಿ, ಈ ಬಗ್ಗೆ ನಿಮ್ಮ ನಿಲುವೇನು ಎಂದು ಕೇಳಿ.