ಕ್ರೋಮ್‌ಗಿಂತ ಮೊದಲು ಕಪ್ಪು: ಸ್ಪ್ರೇ ಪೇಂಟಿನಲ್ಲಿ ಕನ್ನಡಿ ಹೊಳಪು

ಮಾನ್ಯ ಸಭಿಕರೆ,

ಮಾದರಿ ವಿಮಾನ ಕಟ್ಟುವವರು, ತ್ರೀಡಿ ಪ್ರಿಂಟರಿನಲ್ಲಿ ಭಾಗಗಳನ್ನು ತಯಾರಿಸುವವರು, ರಿಮೋಟ್ ಕಾರುಗಳ ಹವ್ಯಾಸಿಗಳು, ಹಳೆಯ ಸ್ಕೂಟರನ್ನು ಮನೆಯಂಗಳದಲ್ಲೇ ಹೊಸದಾಗಿಸುವವರು ಇಲ್ಲಿ ಸೇರಿದ್ದೀರಿ. ಕ್ರೋಮ್ ಎಂದು ಬರೆದ ಸ್ಪ್ರೇ ಡಬ್ಬಿಯನ್ನು ನಿಮ್ಮಲ್ಲಿ ಹೆಚ್ಚಿನವರು ಬಳಸಿರುತ್ತೀರಿ. ಡಬ್ಬಿಯ ಮುಚ್ಚಳದಲ್ಲಿ ಮುಖ ಕಾಣುತ್ತದೆ. ಸಿಂಪಡಿಸಿದ ವಸ್ತುವಿನ ಮೇಲೆ ಮಾತ್ರ ಬೂದು ಛಾಯೆಯ ಬೆಳ್ಳಿ ಬಣ್ಣ ಕೂರುತ್ತದೆ. ಅಂಥ ಮುಚ್ಚಳಗಳಿಗೆ ಸಾಮಾನ್ಯವಾಗಿ ನಿರ್ವಾತದಲ್ಲಿ ಲೋಹದ ಆವಿಯನ್ನು ಹಾಯಿಸಿ ಲೇಪ ಕೊಟ್ಟಿರುತ್ತಾರೆ, ಆದ್ದರಿಂದ ಆ ಹೋಲಿಕೆಯೇ ಸರಿಯಲ್ಲ. ಆದರೂ ಡಬ್ಬಿಯಿಂದಲೇ ಕನ್ನಡಿಗೆ ಬಹಳ ಸಮೀಪ ಹೋಗಬಹುದು. ಅದಕ್ಕೆ ಬೇಕಾದ ಕೆಲಸದ ಬಹುಪಾಲು ಕ್ರೋಮ್ ಸಿಂಪಡಿಸುವ ಮೊದಲೇ ಮುಗಿದಿರಬೇಕು ಎಂಬುದು ನಾನು ಇಂದು ನಿಮ್ಮ ಮುಂದೆ ಇಡಬಯಸುವ ಮಾತು.

ಮೊದಲು ಬೆಳಕಿನ ವಿಷಯ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 400ರಿಂದ 700 ನ್ಯಾನೊಮೀಟರ್. ಮೇಲ್ಮೈಯ ಒರಟುತನ ಈ ಅಳತೆಗಿಂತ ಬಹಳ ಕಡಿಮೆಯಿದ್ದರೆ ಬೆಳಕು ಒಂದೇ ದಿಕ್ಕಿಗೆ ಮರಳಿ ಬಿಂಬ ಮೂಡುತ್ತದೆ. ಹೆಚ್ಚಿದ್ದರೆ ಚದುರಿ ಮಬ್ಬಾಗುತ್ತದೆ. ಇದಲ್ಲದೆ ಇನ್ನೊಂದು ದೋಷವೂ ಇದೆ. ಮೈ ನಯವಾಗಿದ್ದರೂ ಸಮತಟ್ಟಾಗಿಲ್ಲದಿದ್ದರೆ, ಅಲೆಯೆದ್ದ ಕೆರೆಯಲ್ಲಿ ದಡದ ಮರ ಕಾಣುವಂತೆ, ಹೊಳಪಿದ್ದೂ ಬಿಂಬ ಮುರಿದುಹೋಗುತ್ತದೆ. ಮಬ್ಬು ಮತ್ತು ಮುರಿದ ಬಿಂಬ ಎರಡನ್ನೂ ಬೇರೆಬೇರೆಯಾಗಿ ಗುರುತಿಸುವುದನ್ನು ಕಲಿತವರು ತಮ್ಮ ಕೆಲಸ ಯಾವ ಹಂತದಲ್ಲಿ ಕೆಟ್ಟಿತು ಎಂಬುದನ್ನು ಬೇಗ ಕಂಡುಕೊಳ್ಳುತ್ತಾರೆ.

ಈ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವ ಲೋಹ ಅಲ್ಯೂಮಿನಿಯಂ. ಸಾಧಾರಣ ಬೆಳ್ಳಿ ಬಣ್ಣದಲ್ಲಿ ಅದರ ಚೂರುಗಳು ದಪ್ಪವಾಗಿದ್ದು, ರಾಳದೊಳಗೆ ಅಡ್ಡಾದಿಡ್ಡಿಯಾಗಿ ನಿಲ್ಲುತ್ತವೆ. ಉತ್ತಮ ದರ್ಜೆಯ ಕ್ರೋಮ್ ಬಣ್ಣಗಳಲ್ಲಿ ಬಳಸುವ ಚೂರುಗಳನ್ನು ಬೇರೆ ವಿಧಾನದಿಂದ ತಯಾರಿಸುತ್ತಾರೆ: ಪ್ಲಾಸ್ಟಿಕ್ ಹಾಳೆಯ ಮೇಲೆ ನಿರ್ವಾತದಲ್ಲಿ ಅಲ್ಯೂಮಿನಿಯಂ ಆವಿಯನ್ನು ಕೂರಿಸಿ, ಆ ಪದರವನ್ನು ಬಿಡಿಸಿಕೊಂಡು ಪುಡಿಮಾಡುತ್ತಾರೆ. ಹತ್ತಾರು ನ್ಯಾನೊಮೀಟರ್ ಮಾತ್ರ ದಪ್ಪದ ಈ ಚೂರುಗಳು ತಾವು ಬಿದ್ದ ಮೈಗೆ ಹಾಸಿದಂತೆ ಅಂಟಿ ಮಲಗುತ್ತವೆ. ಇಷ್ಟು ತೆಳುವಾದ ಪದರಕ್ಕೆ ಕೆಳಗಿನ ಯಾವ ದೋಷವನ್ನೂ ಮುಚ್ಚುವ ಶಕ್ತಿಯಿಲ್ಲ. ಕೆಳಗೆ ಏನಿದೆಯೋ ಅದನ್ನೇ ಎತ್ತಿ ತೋರಿಸುತ್ತದೆ.

ಹಾಗಾಗಿ ಅಡಿಪದರಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. ತ್ರೀಡಿ ಪ್ರಿಂಟಿನ ಒಂದೊಂದು ಪದರದ ದಪ್ಪ ಸಾಮಾನ್ಯವಾಗಿ 0.1ರಿಂದ 0.2 ಮಿಲಿಮೀಟರ್. 0.2 ಮಿಲಿಮೀಟರ್ ಎಂದರೆ 2,00,000 ನ್ಯಾನೊಮೀಟರ್. ಬೆಳಕಿನ ಅಳತೆಯಲ್ಲಿ ಅದು ಬೆಟ್ಟವೇ ಸರಿ. ಸಣ್ಣ ಗೆರೆಗಳನ್ನು ತುಂಬುವ ಅಡಿಬಣ್ಣವಾದ ಫಿಲ್ಲರ್ ಪ್ರೈಮರ್ ಹೊಡೆದು, 400ರ ವಾಟರ್ ಪೇಪರಿನಿಂದ (ಉಜ್ಜುವ ಕಾಗದ, ಸಂಖ್ಯೆ ಹೆಚ್ಚಿದಷ್ಟೂ ನಯ) ನೀರು ಹಾಕಿ ಉಜ್ಜಿ, ಗೆರೆ ಉಳಿದಲ್ಲಿ ಪುಟ್ಟಿ ತುಂಬಿ, ಮತ್ತೆ ಪ್ರೈಮರ್ ಹೊಡೆದು 800, 1000 ಎಂದು ಮುಂದುವರಿಯಬೇಕು. ಕೈಯಿಂದ ಒತ್ತಿ ಉಜ್ಜಿದರೆ ಬೆರಳಿನ ಕೆಳಗೆ ತಗ್ಗು ಬೀಳುವುದರಿಂದ ಚಪ್ಪಟೆ ಜಾಗಗಳಿಗೆ ಮರದ ಅಥವಾ ಗಟ್ಟಿ ರಬ್ಬರಿನ ತುಂಡನ್ನು ಬಳಸಬೇಕು.

ಆಮೇಲಿನದು ಹೊಳಪಿನ ಕಪ್ಪು. ಎಲ್ಲ ಕೆಲಸದ ತಿರುಳು ಇಲ್ಲಿದೆ ಎಂದು ನಾನು ನಂಬಿದ್ದೇನೆ. ಮಾದರಿ ಕಟ್ಟುವವರಲ್ಲಿ ಹೆಸರಾದ ಆಲ್‌ಕ್ಲಾಡ್ ಎಂಬ ಬ್ರ್ಯಾಂಡಿನ ಕ್ರೋಮ್ ಬಣ್ಣಕ್ಕೂ ಹೊಳಪಿನ ಕಪ್ಪು ಅಡಿಪದರವನ್ನೇ ಹೇಳುತ್ತಾರೆ. ಕಪ್ಪಿನ ನಯ ಚೂರುಗಳನ್ನು ಮಟ್ಟವಾಗಿ ಮಲಗಿಸುತ್ತದೆ. ಅದರ ಬಣ್ಣದಿಂದಲೂ ಉಪಯೋಗವಿದೆ. ಶುದ್ಧ ಅಲ್ಯೂಮಿನಿಯಂ ಪದರ ಗೋಚರ ಬೆಳಕಿನ ಸುಮಾರು 90% ಭಾಗವನ್ನು ಮರಳಿಸಿದರೆ, ನಿಜವಾದ ಕ್ರೋಮಿಯಂ ಮರಳಿಸುವುದು ಸುಮಾರು 60%. ಚೂರುಗಳ ನಡುವಿನ ಸಣ್ಣ ಸಂದುಗಳಲ್ಲಿ ಬೆಳಕನ್ನು ಕಪ್ಪು ಹೀರಿಕೊಳ್ಳುವುದರಿಂದ ಅಲ್ಯೂಮಿನಿಯಂನ ಬಿಳಿಚಿಕೊಂಡ ಹೊಳಪು ತಗ್ಗಿ, ಕ್ರೋಮಿಗೆ ಸಹಜವಾದ ಗಾಢ ಛಾಯೆ ಬರುತ್ತದೆ. ಕಪ್ಪಿನ ಮೇಲೆ ಟ್ಯೂಬ್‌ಲೈಟಿನ ಬಿಂಬ ನೋಡಿ. ಅದರ ಅಂಚು ಚಾಕುವಿನಿಂದ ಕೊಯ್ದಷ್ಟು ನೇರವಾಗಿರಬೇಕು. ಪೇಂಟರುಗಳು ಆರೆಂಜ್ ಪೀಲ್ ಎನ್ನುವ ಉಬ್ಬುತಗ್ಗು ಕಂಡರೆ, ಕಪ್ಪು ಪೂರ್ತಿ ಗಟ್ಟಿಯಾದ ಮೇಲೆ 1500, 2000ರ ಪೇಪರಿನಿಂದ ಉಜ್ಜಿ, ರಬ್ಬಿಂಗ್ ಕಾಂಪೌಂಡಿನಿಂದ ಹೊಳಪು ತಂದು, ಅದರ ಜಿಡ್ಡು ಒಂದಿಷ್ಟೂ ಉಳಿಯದಂತೆ ಸೋಪಿನ ನೀರಿನಲ್ಲಿ ತೊಳೆಯಬೇಕು.

ಕಪ್ಪು ಒಣಗಿದೆ ಎಂದು ಕೈಗೆ ಅನ್ನಿಸಿದರೆ ಸಾಲದು. ಒಳಗೆ ದ್ರಾವಕ ಉಳಿದಿದ್ದರೆ ಕ್ರೋಮಿನ ದ್ರಾವಕ ಅದರೊಂದಿಗೆ ಬೆರೆತು, ಮೆತ್ತಗಾದ ಕಪ್ಪಿನೊಳಗೆ ಚೂರುಗಳು ಹೂತುಹೋಗಿ ಎಲ್ಲ ಬೂದುಬಣ್ಣವಾಗುತ್ತದೆ. ಮೂಗಿನ ಹತ್ತಿರ ಹಿಡಿದಾಗ ಪೇಂಟಿನ ವಾಸನೆ ಇದ್ದರೆ ಇನ್ನೂ ಕಾಯಬೇಕು. ಬೇಗ ಒಣಗುವ ಲ್ಯಾಕರ್ ಬಣ್ಣಕ್ಕೆ ಎರಡು ದಿನ ಸಾಕಾಗಬಹುದು, ನಿಧಾನವಾಗಿ ಗಟ್ಟಿಯಾಗುವ ಎನಾಮಲ್ ಬಣ್ಣಕ್ಕೆ ವಾರವೂ ಬೇಕಾದೀತು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಇನ್ನೊಂದು ತೊಂದರೆಯಿದೆ: ದ್ರಾವಕ ಆವಿಯಾಗುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಿಳಿಯ ಮಬ್ಬು ಕಟ್ಟುತ್ತದೆ. ಅಂಥ ದಿನ ಲ್ಯಾಕರ್ ಕೆಲಸವನ್ನು ಮುಂದೂಡುವುದೇ ಸರಿ.

ಕ್ರೋಮ್ ಸಿಂಪಡಿಸುವುದು ಇವೆಲ್ಲಕ್ಕಿಂತ ಚಿಕ್ಕ ಕೆಲಸ. ಡಬ್ಬಿಯನ್ನು ಚೆನ್ನಾಗಿ ಅಲ್ಲಾಡಿಸಿ, ಸುಮಾರು 20ರಿಂದ 25 ಸೆಂಟಿಮೀಟರ್ ದೂರದಿಂದ, ವಸ್ತುವಿನ ಒಂದು ಅಂಚಿನ ಆಚೆಗೆ ಶುರುಮಾಡಿ ಇನ್ನೊಂದು ಅಂಚಿನ ಆಚೆಗೆ ನಿಲ್ಲಿಸುತ್ತ, ಮಂಜು ಹಾಯಿಸಿದಂತೆ ತೆಳುವಾಗಿ ಹೊಡೆಯಬೇಕು. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದ್ದವರು ಆಲ್‌ಕ್ಲಾಡನ್ನು 12ರಿಂದ 15 ಪಿಎಸ್‌ಐ ಒತ್ತಡದಲ್ಲಿ ಬಳಸುತ್ತಾರೆ. ಕಪ್ಪು ಮರೆಯಾಗುವ ಹೊತ್ತಿಗೆ ಕೈ ನಿಲ್ಲಬೇಕು. ಇನ್ನೊಂದು ಕೋಟ್ ಹಾಕಿದರೆ ಚೂರುಗಳು ಒಂದರ ಮೇಲೊಂದು ರಾಶಿಬಿದ್ದು ಕನ್ನಡಿ ಹೋಗಿ ಬೆಳ್ಳಿ ಬಣ್ಣ ಉಳಿಯುತ್ತದೆ.

ಹೀಗೆ ಬಂದ ಮೈಯನ್ನು ಬೆರಳಿನಿಂದ ಒರೆಸಿದರೆ ಲೋಹ ಬೆರಳಿಗೆ ಬರುತ್ತದೆ. ರಕ್ಷಣೆಗೆಂದು ಕ್ಲಿಯರ್, ಎಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ, ಹೊಡೆದರೆ ಅದರ ದ್ರಾವಕ ಚೂರುಗಳನ್ನು ಮತ್ತೆ ಕದಲಿಸಿ ಮಬ್ಬು ತರುತ್ತದೆ. ನೀರಿನ ಆಧಾರದ ಕ್ಲಿಯರನ್ನು ತೆಳುವಾಗಿ, ಕ್ರೋಮ್ ದಿನಗಟ್ಟಲೆ ಗಟ್ಟಿಯಾದ ನಂತರ ಹೊಡೆದರೆ ನಷ್ಟ ಕಡಿಮೆ, ಆದರೆ ನಷ್ಟವಂತೂ ಇದ್ದೇ ಇರುತ್ತದೆ. ಮೊಲೊಟೋ ಕಂಪನಿಯ ಆಲ್ಕೊಹಾಲ್ ಆಧಾರಿತ ಲಿಕ್ವಿಡ್ ಕ್ರೋಮಿಗೂ ಈ ಮಾತು ಅನ್ವಯಿಸುತ್ತದೆ. ಗಾಜಿನ ಕಪಾಟಿನಲ್ಲಿ ಇಡುವ ಮಾದರಿಗೆ ಕ್ಲಿಯರ್ ಬೇಡವೇ ಬೇಡ, ಕೈಗವಸು ಹಾಕಿ ಮುಟ್ಟಿದರಾಯಿತು ಎಂಬುದು ನನ್ನ ಸಲಹೆ. ರಿಮೋಟ್ ಕಾರಿನ ಪಾಲಿಕಾರ್ಬೊನೇಟ್ ಕವಚ ಮಾಡುವವರಿಗೆ ಈ ಚಿಂತೆಯಿಲ್ಲ: ಪಾರದರ್ಶಕ ಹಾಳೆಯ ಒಳಮೈಗೆ ಮೊದಲು ಕ್ರೋಮ್, ಅದರ ಹಿಂದೆ ಕಪ್ಪು ಹೊಡೆಯುತ್ತಾರೆ. ಹಾಳೆಯೇ ನಯವಾದ ಅಡಿಪದರವೂ ಆಗುತ್ತದೆ, ಕ್ಲಿಯರೂ ಆಗುತ್ತದೆ.

ಕಾರು ಗ್ಯಾರೇಜುಗಳಲ್ಲಿ ಎರಡು ದ್ರವಗಳನ್ನು ಬೆರೆಸಿ ಬಳಸುವ ಟೂಕೆ ಕ್ಲಿಯರ್ ಗಟ್ಟಿಯಾದದ್ದು, ನಿಜ. ಆದರೆ ಅದನ್ನು ಗಟ್ಟಿಗೊಳಿಸುವ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ತೀವ್ರ ಹಾನಿ ಮಾಡಿ ಆಸ್ತಮಾ ತರಬಲ್ಲದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಇಲ್ಲದೆ ಮನೆಯಲ್ಲಿ ಅದನ್ನು ದಯವಿಟ್ಟು ಬಳಸಬೇಡಿ. ಸೌಕರ್ಯವಿರುವ ಪೇಂಟ್ ಬೂತಿಗೆ ಕೊಟ್ಟು ಮಾಡಿಸಿ. ಸಾಧಾರಣ ಡಬ್ಬಿಗೂ ಗಾಳಿಯಾಡುವ ಜಾಗ, ಸಾವಯವ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಬೇಕು, ಹತ್ತಿರದಲ್ಲಿ ಬೆಂಕಿ ಇರಬಾರದು. ಬಟ್ಟೆಯ ಮಾಸ್ಕಿನಿಂದ ಪ್ರಯೋಜನವಿಲ್ಲ.

ಕೊನೆಯದಾಗಿ ಸ್ಕೂಟರು, ಬೈಕುಗಳ ಭಾಗಗಳು. ಪೆಟ್ರೋಲು ತಾಗುವ, ಮಳೆಯಲ್ಲಿ ನೆನೆಯುವ, ಸೈಲೆನ್ಸರಿನಂತೆ ಬಿಸಿಯಾಗುವ ಭಾಗಗಳಿಗೆ ಈ ವಿಧಾನ ಹೊಂದುವುದಿಲ್ಲ. ಬೆಂಗಳೂರಿನವರು ಅವನ್ನು ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ವಿದ್ಯುತ್ತಿನಿಂದ ಲೋಹದ ಲೇಪ ಕೊಡುವ ಪ್ಲೇಟಿಂಗ್ ಅಂಗಡಿಗಳಿಗೆ ಒಯ್ಯಬಹುದು. ಅಲ್ಲಿಯೂ ಮೊದಲು ಲೋಹವನ್ನು ಬಫ್ ಮಾಡಿ, ಎಂದರೆ ಉಜ್ಜಿ ಹೊಳಪಿಸಿ, ನಿಕಲ್ ಪದರ ಕೂರಿಸಿ, ಆಮೇಲೆ ಅರ್ಧ ಮೈಕ್ರಾನಿಗಿಂತಲೂ ತೆಳುವಾದ ಕ್ರೋಮಿಯಂ ಕೊಡುವುದು ವಾಡಿಕೆ. ತುಕ್ಕಿನ ಗುಳಿಗಳಿದ್ದರೆ ಬಫಿಂಗಿಗೆ ಮೊದಲೇ ತೋರಿಸಿ ಮಾತಾಡಿಕೊಳ್ಳಿ, ಏಕೆಂದರೆ ಪ್ಲೇಟಿಂಗ್ ಆದ ಮೇಲೆ ಅವನ್ನು ಸರಿಪಡಿಸಬೇಕಾದರೆ ಲೇಪವನ್ನೆಲ್ಲ ತೆಗೆದು ಹೊಸದಾಗಿ ಆರಂಭಿಸಬೇಕಾಗುತ್ತದೆ.