ಕೋಡ್ ನಕಲಾಗುತ್ತದೆ, ಹೆಸರು ನಕಲಾಗುವುದಿಲ್ಲ

ಎಲ್ಲರಿಗೂ ನಮಸ್ಕಾರ.

ಹನ್ನೊಂದು ಸಾಲಿನ ಒಂದು ಕೋಡಿನಿಂದ ಮಾತು ಶುರು ಮಾಡೋಣ. ಅದರ ಹೆಸರು ಲೆಫ್ಟ್‌ಪ್ಯಾಡ್. ಕೆಲಸ ಇಷ್ಟೇ: ಕೊಟ್ಟ ಪದದ ಎಡಗಡೆ ಬೇಕಾದಷ್ಟು ಅಕ್ಷರ ತುಂಬಿ, ಕೇಳಿದ ಉದ್ದಕ್ಕೆ ತಂದುಕೊಡುವುದು. 5 ಕೊಟ್ಟು, ಉದ್ದ 3 ಇರಲಿ, ಸೊನ್ನೆಯಿಂದ ತುಂಬು ಎಂದರೆ 005 ಬರುತ್ತದೆ. ಒಂದು ಲೂಪ್, ಪ್ರತಿ ಸುತ್ತಿಗೂ ಎಡಕ್ಕೆ ಒಂದು ಅಕ್ಷರ. ಕನ್ನಡಕ್ಕೆ ಈ ಲೆಕ್ಕ ಹೊಂದುತ್ತಿರಲಿಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಪಕ್ಷಿ’ ನಮ್ಮ ಕಣ್ಣಿಗೆ ಎರಡಕ್ಷರ. ಇದನ್ನು ಬರೆದ ಜಾವಾಸ್ಕ್ರಿಪ್ಟ್ ಭಾಷೆ ಎಣಿಸುವಾಗ ಪ, ಕ, ಹಲಂತ, ಷ, ಗುಡಿಸು ಎಂದು ಐದು. ಆರು ಅಕ್ಷರದ ಅಗಲ ಕೇಳಿದರೆ ಒಂದೇ ಒಂದು ಖಾಲಿ ಜಾಗ ಸೇರುತ್ತದೆ, ಪಟ್ಟಿಯ ಸಾಲುಗಳು ಓರೆಯಾಗುತ್ತವೆ. ಆಮೇಲೆ ಇದೇ ಕೆಲಸಕ್ಕೆ ಆ ಭಾಷೆಯೊಳಗೇ ಬಂದ ಪ್ಯಾಡ್‌ಸ್ಟಾರ್ಟ್ ಎಣಿಸುವುದೂ ಹೀಗೆಯೇ.

ಈ ಹನ್ನೊಂದು ಸಾಲು 2016ರ ಮಾರ್ಚ್ 22ರಂದು ಸುಮಾರು ಎರಡೂವರೆ ಗಂಟೆ ಕಾಲ ಜಗತ್ತಿನ ಎಷ್ಟೋ ತಂಡಗಳ ಬಿಲ್ಡ್, ಅಂದರೆ ಕೋಡನ್ನು ಜೋಡಿಸಿ ಓಡುವ ತಂತ್ರಾಂಶವಾಗಿಸುವ ಕೆಲಸವನ್ನು ನಿಲ್ಲಿಸಿತು. ತಕರಾರು ಹುಟ್ಟಿದ್ದು ಈ ಕೋಡಿನ ಬಗ್ಗೆ ಅಲ್ಲವೇ ಅಲ್ಲ. ಅದೇ ಲೇಖಕರ ಇನ್ನೊಂದು ಪ್ಯಾಕೇಜಿಗೆ, ಅಂದರೆ ಬೇರೆಯವರೂ ಬಳಸಲೆಂದು ಪ್ರಕಟಿಸಿದ ಕೋಡಿನ ಗಂಟಿಗೆ, ಕಿಕ್ ಎಂಬ ಹೆಸರಿತ್ತು. ಕೆನಡಾದಲ್ಲಿ ಅದೇ ಹೆಸರಿನ ಮೆಸೇಜಿಂಗ್ ಕಂಪನಿಯೊಂದಿತ್ತು. ಕಂಪನಿಯವರು ಟ್ರೇಡ್‌ಮಾರ್ಕ್ ಮುಂದಿಟ್ಟು ಹೆಸರು ಕೇಳಿದರು, ಲೇಖಕರು ಒಪ್ಪಲಿಲ್ಲ. ಎಲ್ಲರೂ ಪ್ಯಾಕೇಜು ಇಳಿಸಿಕೊಳ್ಳುವ ಭಂಡಾರವಾದ ರಿಜಿಸ್ಟ್ರಿಯನ್ನು ನಡೆಸುವ ಎನ್‌ಪಿಎಂ ಆ ಹೆಸರನ್ನು ಕಂಪನಿಗೆ ವರ್ಗಾಯಿಸಿತು. ಲೇಖಕರು ತಮ್ಮ ಇನ್ನೂರೈವತ್ತಕ್ಕೂ ಹೆಚ್ಚು ಪ್ಯಾಕೇಜುಗಳನ್ನು ರಿಜಿಸ್ಟ್ರಿಯಿಂದ ತೆಗೆದುಹಾಕಿದರು. ಅವುಗಳಲ್ಲಿ ಲೆಫ್ಟ್‌ಪ್ಯಾಡೂ ಒಂದು. ಬೇಬಲ್‌ನಂಥ ದೊಡ್ಡ ಸಾಧನಗಳು ಬೇರೆ ಬೇರೆ ಪ್ಯಾಕೇಜುಗಳ ಮೂಲಕ ಅದನ್ನೇ ನೆಚ್ಚಿಕೊಂಡಿದ್ದವು. ಹಾಗಾಗಿ ಹೊಸದಾಗಿ ಇನ್‌ಸ್ಟಾಲ್ ಮಾಡಹೊರಟ ಯಂತ್ರಗಳಿಗೆಲ್ಲ 404, ಅಂದರೆ ‘ಸಿಗಲಿಲ್ಲ’ ಎಂಬ ಉತ್ತರ ಬಂತು.

ಮುಂದೆ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹತ್ತು ನಿಮಿಷದೊಳಗೆ ಇನ್ನೊಬ್ಬ ಪ್ರೋಗ್ರಾಮರ್ ಅದೇ ಕೆಲಸ ಮಾಡುವ ಕೋಡನ್ನು ಅದೇ ಹೆಸರಿನಲ್ಲಿ ಹಾಕಿದರು. ಯಾರು ಬೇಕಾದರೂ ಬಳಸಬಹುದಾದ ಮುಕ್ತ ಲೈಸೆನ್ಸ್ ಇದ್ದ ಕಾರಣ ಅದಕ್ಕೆ ಅಡ್ಡಿಯಿರಲಿಲ್ಲ. ಆದರೂ ಬಿಲ್ಡ್‌ಗಳು ಮುರಿಯುತ್ತಲೇ ಇದ್ದವು. ಅವರು ಕೊಟ್ಟ ಆವೃತ್ತಿ 1.0.0, ಅದನ್ನು ನೆಚ್ಚಿದ ಪ್ಯಾಕೇಜುಗಳು ಕರಾರುವಾಕ್ಕಾಗಿ ಕೇಳುತ್ತಿದ್ದದ್ದು 0.0.3. ಕೊನೆಗೆ ಎನ್‌ಪಿಎಂ ತನ್ನ ಬ್ಯಾಕಪ್‌ನಿಂದ ಹಳೆಯ 0.0.3 ಅನ್ನೇ ಮರಳಿ ಪ್ರಕಟಿಸಬೇಕಾಯಿತು.

ಕೋಡ್ ಎಲ್ಲರ ಬಳಿಯೂ ಇತ್ತು, ಹತ್ತು ನಿಮಿಷದಲ್ಲಿ ಮರಳಿ ಬರೆಯಬಹುದಿತ್ತು, ಬರೆದೂ ಆಯಿತು. ಇಲ್ಲದ್ದು ಆ ಹೆಸರಿನಡಿ ಆ ಸಂಖ್ಯೆ. ಮುಕ್ತ ತಂತ್ರಾಂಶದ ಜಗಳಗಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ. ಊರ ಕೆರೆಯ ನೀರನ್ನು ಒಬ್ಬ ಹೆಚ್ಚು ಹರಿಸಿಕೊಂಡರೆ ಇನ್ನೊಬ್ಬನ ಗದ್ದೆ ಒಣಗುತ್ತದೆ. ಕೋಡ್ ಹಾಗಲ್ಲ, ಎಷ್ಟು ಜನ ತೆಗೆದುಕೊಂಡರೂ ಕಡಿಮೆಯಾಗದು. ಆದರೆ ತೂಬು ಒಂದೇ, ಅದನ್ನು ಎತ್ತಿ ಇಳಿಸುವ ನೀರಗಂಟಿಯೂ ಒಬ್ಬನೇ. ಹೆಸರು, ಪ್ರಕಟಿಸುವ ಕೀಲಿ, ಮರ್ಜ್ ಮಾಡುವ, ಅಂದರೆ ಬದಲಾವಣೆಯನ್ನು ಮೂಲ ಕೋಡಿಗೆ ಸೇರಿಸುವ ಅಧಿಕಾರ, ಈ ಮೂರೂ ನಕಲಾಗುವುದಿಲ್ಲ. ಜಗಳ ಅಲ್ಲಿಗೇ ಬಂದು ನಿಲ್ಲುತ್ತದೆ.

ಎನ್‌ಪಿಎಂ ಆಮೇಲೆ ನಿಯಮ ಬದಲಿಸಿತು. ಈಗ ಪ್ರಕಟಿಸಿದ 72 ಗಂಟೆಯೊಳಗೆ, ಬೇರೆ ಯಾವ ಪ್ಯಾಕೇಜೂ ನೆಚ್ಚಿರದಿದ್ದರೆ ತೆಗೆಯಬಹುದು. ಅದು ದಾಟಿದ ಮೇಲೆ ಮೂರು ಷರತ್ತು: ಯಾರೂ ನೆಚ್ಚಿರಬಾರದು, ಹಿಂದಿನ ವಾರದ ಡೌನ್‌ಲೋಡ್ 300ಕ್ಕಿಂತ ಕಡಿಮೆ ಇರಬೇಕು, ಮೇಂಟೇನರ್, ಅಂದರೆ ಅದನ್ನು ನೋಡಿಕೊಳ್ಳುವವರು, ಒಬ್ಬರೇ ಇರಬೇಕು. ಬಳಸುವವರ ಕಡೆಯಿಂದಲೂ ಒಂದು ಎಚ್ಚರ ಬೇಕು. ಲಾಕ್‌ಫೈಲ್ ಇದೆ, ಇನ್ನೇನು ಭಯ ಎನ್ನುವವರಿದ್ದಾರೆ. ಲಾಕ್‌ಫೈಲ್ ಯಾವ ಆವೃತ್ತಿ ಬೇಕು, ಅದರ ಗುರುತಿನ ಸಂಖ್ಯೆಯಾದ ಹ್ಯಾಶ್ ಏನು ಎಂದು ಬರೆದಿಡುತ್ತದೆ, ವಸ್ತುವನ್ನು ಕಾಪಿಡುವುದಿಲ್ಲ. ಮೂಲದಲ್ಲೇ ಇಲ್ಲವಾದರೆ ಲಾಕ್‌ಫೈಲ್ ಕೈಯಲ್ಲಿ ಹಿಡಿದು ಏನೂ ಮಾಡಲಾಗದು. ದಿನವೂ ಬಿಲ್ಡ್ ನಡೆಸುವ ತಂಡ ತನ್ನದೇ ಮಿರರ್ ಅಥವಾ ಕ್ಯಾಶ್, ಅಂದರೆ ಪ್ಯಾಕೇಜುಗಳ ಸ್ವಂತ ಪ್ರತಿ, ಇಟ್ಟುಕೊಳ್ಳಲೇಬೇಕು.

ಈಗ ಲೈಸೆನ್ಸಿಗೆ ಬರೋಣ. ಕೋಡನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ, ಹಾಗಾಗಿ ಬಳಸಬಹುದು ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ತುಂಬ ಇದೆ. ಅದು ತಪ್ಪು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ‘ಸಾಹಿತ್ಯ ಕೃತಿ’ಯ ವ್ಯಾಖ್ಯೆಯೊಳಗೇ ಬರುತ್ತದೆ. ಕೋಡಿನ ಸಂಗ್ರಹಕ್ಕೆ ರೆಪೊ ಎನ್ನುತ್ತಾರೆ, ಲೈಸೆನ್ಸ್ ಫೈಲ್ ಇಲ್ಲದ ರೆಪೊ ಎಂದರೆ ಹಕ್ಕೆಲ್ಲ ಬರೆದವರದೇ. ಮುಕ್ತ ಲೈಸೆನ್ಸುಗಳಲ್ಲಿ ಎಂಐಟಿ ಲೈಸೆನ್ಸ್ ಕೇಳುವುದು ಕೃತಿಸ್ವಾಮ್ಯದ ಸಾಲನ್ನೂ ಲೈಸೆನ್ಸಿನ ಪಠ್ಯವನ್ನೂ ಉಳಿಸಿಕೊಳ್ಳಿ ಎಂದು ಮಾತ್ರ. ಅಪಾಚೆ 2.0 ಅದರ ಮೇಲೆ ಪೇಟೆಂಟಿನ ಅನುಮತಿಯನ್ನು ಸ್ಪಷ್ಟವಾಗಿ ಕೊಡುತ್ತದೆ, ಬದಲಿಸಿದ ಫೈಲಿನಲ್ಲಿ ಬದಲಿಸಿದ್ದೇವೆ ಎಂದು ಬರೆಯಲು ಹೇಳುತ್ತದೆ. ಜಿಪಿಎಲ್ ಪ್ರಕಾರ, ಬದಲಿಸಿದ್ದನ್ನು ಹಂಚಿದರೆ ಮೂಲ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಹಂಚದೆ ಮನೆಯೊಳಗೇ ಬಳಸಿಕೊಂಡರೆ ಕೊಡಬೇಕಿಲ್ಲ. ಈ ಕೊನೆಯ ಮಾತನ್ನು ಮರೆತು ಎಷ್ಟೋ ಜನ ಸುಮ್ಮನೆ ಜಗಳಕ್ಕೆ ನಿಲ್ಲುತ್ತಾರೆ.

ಐವತ್ತು ಜನ ಬರೆದ ಕೋಡಿನ ಲೈಸೆನ್ಸ್ ಬದಲಿಸಬೇಕೆಂದರೆ, ಹಕ್ಕನ್ನು ಮೊದಲೇ ಒಂದೆಡೆ ಬರೆಸಿಕೊಂಡಿರದಿದ್ದಲ್ಲಿ, ಐವತ್ತೂ ಜನರ ಒಪ್ಪಿಗೆ ಬೇಕು. ಒಬ್ಬರು ಸಿಗದಿದ್ದರೆ ಅವರ ಸಾಲುಗಳನ್ನು ಕಿತ್ತು ಹೊಸದಾಗಿ ಬರೆಯಬೇಕು. ಲಿನಕ್ಸ್ ಕರ್ನಲ್‌ನಲ್ಲಿ ಪ್ರತಿ ಕಮಿಟ್‌ನ, ಅಂದರೆ ದಾಖಲಾದ ಬದಲಾವಣೆಯ ಕೆಳಗೆ ‘ಸೈನ್ಡ್-ಆಫ್-ಬೈ’ ಎಂದು ಹೆಸರು, ಮಿಂಚಂಚೆ ಬರೆಯುವ ಪದ್ಧತಿ 2004ರಲ್ಲಿ ಬಂತು. ಅದರ ಹಿಂದಿನ ವರ್ಷ ಎಸ್‌ಸಿಒ ಕಂಪನಿ ಲಿನಕ್ಸಿನ ಕೋಡ್ ಎಲ್ಲಿಂದ ಬಂತೆಂದು ಕೋರ್ಟಿಗೆ ಹೋಗಿತ್ತು. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂಬ ಒಂದು ಸಾಲಿನ ಹೊಣೆ ಆ ಸೈನ್ಡ್-ಆಫ್. ಕಮಿಟ್ ಮಾಡುವಾಗ ಮೈನಸ್ ಎಸ್ ಎಂದು ಸೇರಿಸಿದರೆ ಕೋಡಿನ ಇತಿಹಾಸ ಇಡುವ ಸಾಧನ ಗಿಟ್ ತಾನೇ ಬರೆದುಕೊಳ್ಳುತ್ತದೆ. ಚಿಕ್ಕ ತಂಡವೂ ಮೊದಲ ದಿನದಿಂದ ಇದನ್ನು ರೂಢಿಸಿಕೊಳ್ಳಬೇಕು.

ಜಗಳ ಬಗೆಹರಿಯದಿದ್ದರೆ ಫೋರ್ಕ್, ಅಂದರೆ ಕೋಡಿನ ಪ್ರತಿ ತೆಗೆದು ಬೇರೆಯಾಗಿ ಬೆಳೆಸುವುದು. ಮನೆ ಪಾಲಾದ ಹಾಗೆ ಎನ್ನುತ್ತಾರೆ, ಆದರೆ ಇಲ್ಲಿ ಇಬ್ಬರಿಗೂ ಇಡೀ ಮನೆ ಸಿಗುತ್ತದೆ. ಬಾಗಿಲ ಮೇಲಿನ ಹೆಸರು ಮಾತ್ರ ಒಬ್ಬರಿಗೆ. 2010ರ ಸೆಪ್ಟೆಂಬರ್‌ನಲ್ಲಿ ಕಚೇರಿ ಕೆಲಸದ ತಂತ್ರಾಂಶ ಓಪನ್‌ಆಫೀಸ್‌ನ ಬಹುಮಂದಿ ಹೊರಬಂದು ಲಿಬ್ರೆಆಫೀಸ್ ಶುರು ಮಾಡಿದಾಗ ಹಳೆಯ ಹೆಸರು ಒರೇಕಲ್ ಕಂಪನಿ ಬಳಿ ಉಳಿಯಿತು. 2011ರಲ್ಲಿ ಬಿಲ್ಡ್ ನಡೆಸುವ ಸಾಧನ ಹಡ್ಸನ್ ಜೆಂಕಿನ್ಸ್ ಆದದ್ದೂ ಹೆಸರಿನ ಹಕ್ಕಿನ ಕಾರಣಕ್ಕೇ. 2014ರ ಕೊನೆಯಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್‌ನಿಂದ ಐಓಜೆಎಸ್ ಒಡೆಯಿತು. ಒಂದು ಕಂಪನಿಯ ಹಿಡಿತ, ತಡವಾಗುತ್ತಿದ್ದ ಬಿಡುಗಡೆಗಳು ಅಲ್ಲಿನ ದೂರು. 2015ರ ಸೆಪ್ಟೆಂಬರ್‌ನಲ್ಲಿ ಎರಡೂ ಒಂದಾದವು. ನೋಡ್ 0.12ರಿಂದ ನೇರ 4.0ಕ್ಕೆ ಹಾರಿತು, ಏಕೆಂದರೆ 1, 2, 3 ಐಓಜೆಎಸ್‌ನಲ್ಲಿ ಆಗಿಹೋಗಿದ್ದವು. ಜಿಸಿಸಿ ಕಂಪೈಲರಿನ ಕತೆ ಇನ್ನೂ ಚೆನ್ನ: 1997ರಲ್ಲಿ ಒಡೆದ ಇಜಿಸಿಎಸ್ ಕವಲನ್ನೇ 1999ರಲ್ಲಿ ಅಧಿಕೃತ ಜಿಸಿಸಿ ಎಂದು ಒಪ್ಪಿಕೊಂಡರು.

ಓಪನ್‌ಆಫೀಸ್ ವಿಷಯದಲ್ಲಿ ಲೈಸೆನ್ಸಿನ ಒಂದು ಸೂಕ್ಷ್ಮ ಇದೆ. ಒರೇಕಲ್ 2011ರಲ್ಲಿ ಅದನ್ನು ಅಪಾಚೆ ಸಂಸ್ಥೆಗೆ ಕೊಟ್ಟಿತು, ಕೋಡ್ ಅಪಾಚೆ ಲೈಸೆನ್ಸಿಗೆ ಬಂತು. ಲಿಬ್ರೆಆಫೀಸ್ ಇರುವುದು ಎಂಪಿಎಲ್, ಎಲ್‌ಜಿಪಿಎಲ್ ಲೈಸೆನ್ಸುಗಳ ಅಡಿ. ಹಾಗಾಗಿ ಅಪಾಚೆ ಕಡೆಯ ತಿದ್ದುಪಡಿಯನ್ನು ಲಿಬ್ರೆಆಫೀಸ್ ತೆಗೆದುಕೊಳ್ಳಬಹುದು, ಲಿಬ್ರೆಆಫೀಸಿನ ಹೊಸ ಕೋಡ್ ಅತ್ತ ಹೋಗಲಾಗದು. ಇಂದು ನಾವು ಕನ್ನಡ ಮೆನುವಿನೊಂದಿಗೆ ಬಳಸುವ ಲಿಬ್ರೆಆಫೀಸ್ ಬೆಳೆದದ್ದರಲ್ಲಿ ಜನರ ದುಡಿಮೆ ದೊಡ್ಡದು, ಈ ಒಮ್ಮುಖ ಹರಿವಿನ ಪಾಲೂ ಇದೆ.

ಫೋರ್ಕ್ ಮಾಡುವವರು ಮೊದಲು ಮಿರರ್ ಕ್ಲೋನ್, ಅಂದರೆ ಇತಿಹಾಸ ಸಮೇತ ಪೂರ್ಣ ಪ್ರತಿ, ತೆಗೆಯಿರಿ, ಎಲ್ಲ ಶಾಖೆ, ಟ್ಯಾಗ್ ಬರುತ್ತವೆ. ಹಳೆಯ ಕೃತಿಸ್ವಾಮ್ಯದ ಸಾಲು ಒಂದನ್ನೂ ಅಳಿಸಬೇಡಿ. ಪ್ಯಾಕೇಜಿನ ಹೆಸರು, ಲೋಗೊ, ಜಾಲತಾಣ ಬದಲಿಸಿ. ಯಾವ ಕಮಿಟ್‌ನಿಂದ ಕವಲೊಡೆದಿದ್ದೀರಿ ಎಂದು ರೀಡ್‌ಮೀ ಫೈಲಿನ ಮೊದಲ ಪ್ಯಾರಾದಲ್ಲೇ ಬರೆಯಿರಿ. ಇಶ್ಯೂಗಳ, ಅಂದರೆ ದೂರು ಸಲಹೆಗಳ ಪಟ್ಟಿ ಗಿಟ್ ಜೊತೆ ಬರುವುದಿಲ್ಲ, ಅದನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಸಾಮಾನ್ಯವಾಗಿ ಮರೆಯುವುದು ಇದನ್ನೇ.

ದಿನನಿತ್ಯದ ಜಗಳ ಇಷ್ಟು ದೊಡ್ಡದಲ್ಲ, ಪುಲ್ ರಿಕ್ವೆಸ್ಟಿನ, ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಯ ಕೆಳಗೆ ಹುಟ್ಟುತ್ತದೆ. ‘ಇದು ಸರಿಯಿಲ್ಲ, ಬದಲಿಸಿ’ ಎಂದು ಬರೆದರೆ ಎದುರಿನವರಿಗೆ ಉಳಿಯುವುದು ಸಿಟ್ಟು ಮಾತ್ರ. ಬದಲಿಗೆ ಹೀಗೆ: ‘42ನೇ ಸಾಲು ನೋಡಿ. ಪಟ್ಟಿ ಖಾಲಿ ಬಂದರೆ ಇಲ್ಲಿ ಸೊನ್ನೆಯಿಂದ ಭಾಗಿಸಿದ ಹಾಗಾಗುತ್ತದೆ. ಖಾಲಿ ಪಟ್ಟಿಗೆ ಒಂದು ಟೆಸ್ಟ್ ಸೇರಿಸಿದರೆ ಮರ್ಜ್ ಮಾಡುತ್ತೇನೆ.’ ಎಲ್ಲಿ, ಯಾವಾಗ, ಏನಾಗುತ್ತದೆ, ಏನಾದರೆ ಒಪ್ಪಿಗೆ, ನಾಲ್ಕೂ ಇವೆ. ಮರ್ಜ್ ತಡೆಯುವ ಮಾತು ಯಾವುದು, ಬರೀ ಸಲಹೆ ಯಾವುದು ಎಂದು ಹೇಳುವುದೂ ಅಷ್ಟೇ ಮುಖ್ಯ. ಹೊಸಬರಿಗೆ ಎಲ್ಲ ಮಾತೂ ಆಜ್ಞೆಯಂತೆ ಕೇಳುತ್ತದೆ. ಟ್ಯಾಬೋ ಸ್ಪೇಸೋ ಎಂಬಂಥ ತಕರಾರನ್ನು ಮನುಷ್ಯರ ಕೈಯಲ್ಲಿ ಬಿಡಲೇಬೇಡಿ. ಕೋಡನ್ನು ತಾವೇ ಒಂದೇ ರೂಪಕ್ಕೆ ಜೋಡಿಸುವ ಸಾಧನಗಳಿವೆ, ಗೋ ಭಾಷೆಗೆ ಗೋಫಮ್ಟ್, ಪೈಥಾನಿಗೆ ಬ್ಲ್ಯಾಕ್. ಇಡೀ ರೆಪೊವನ್ನು ಒಂದೇ ಕಮಿಟ್‌ನಲ್ಲಿ ಜೋಡಿಸಿ, ಆ ಕಮಿಟ್ ಸಂಖ್ಯೆಯನ್ನು, ಯಾವ ಸಾಲು ಯಾರದೆಂದು ತೋರಿಸುವ ಬ್ಲೇಮ್‌ನಿಂದ ಹೊರಗಿಡುವ ಪಟ್ಟಿಗೆ ಸೇರಿಸಿ. ಇಲ್ಲದಿದ್ದರೆ ಪ್ರತಿ ಸಾಲನ್ನೂ ಜೋಡಿಸಿದವರೇ ಬರೆದಂತೆ ಇತಿಹಾಸ ತೋರಿಸುತ್ತದೆ.

ಹಂಚಿಕೊಂಡ ಶಾಖೆಗೆ ಫೋರ್ಸ್ ಪುಶ್ ಮಾಡುವುದರಿಂದ, ಅಂದರೆ ಅಲ್ಲಿನ ಇತಿಹಾಸದ ಮೇಲೆ ನಮ್ಮದನ್ನು ಬಲವಂತವಾಗಿ ಹೇರುವುದರಿಂದ ಆಗುವ ಜಗಳ ಬೇರೆಯೇ. ಇನ್ನೊಬ್ಬರ ಮೂರು ದಿನದ ಕಮಿಟ್‌ಗಳು ಸರ್ವರಿನಲ್ಲಿ ಕಾಣದಂತಾಗುತ್ತವೆ. ಗಾಬರಿ ಬೇಡ, ಅವು ಸಾಮಾನ್ಯವಾಗಿ ಅಳಿದಿರುವುದಿಲ್ಲ. ಹಿಂದೆ ಫೆಚ್ ಮಾಡಿ ಇಳಿಸಿಕೊಂಡಿದ್ದವರ ಯಂತ್ರದಲ್ಲಿ, ಶಾಖೆ ಎಲ್ಲೆಲ್ಲಿತ್ತೆಂಬ ದಾಖಲೆಯಾದ ರೆಫ್‌ಲಾಗ್‌ನಲ್ಲಿ ಹಳೆಯ ತುದಿ ಇರುತ್ತದೆ. ಯಾವ ಶಾಖೆಗೂ ಸೇರದೆ ಉಳಿದ ಕಮಿಟ್‌ಗಳ ದಾಖಲೆಯನ್ನು ಗಿಟ್ ತಾನಾಗಿ 30 ದಿನ ಇಟ್ಟುಕೊಂಡಿರುತ್ತದೆ. ಆ ತುದಿಯ ಕಮಿಟ್ ಸಂಖ್ಯೆಯಿಂದ ಹೊಸ ಶಾಖೆ ಮಾಡಿ ಮೊದಲು ಉಳಿಸಿಕೊಳ್ಳಿ, ಯಾರು ಮಾಡಿದ್ದು ಎಂಬ ಮಾತು ಆಮೇಲೆ. ತಪ್ಪು ಕೋಡನ್ನು ಹಿಂತೆಗೆಯಬೇಕಾದಾಗ ರಿವರ್ಟ್ ಮಾಡಿ, ಅಂದರೆ ಅದನ್ನು ರದ್ದುಮಾಡುವ ಹೊಸ ಕಮಿಟ್ ಸೇರಿಸಿ. ರಿವರ್ಟ್ ಇತಿಹಾಸ ಅಳಿಸುವುದಿಲ್ಲ, ಹಿಂತೆಗೆದ ಕಾರಣ ಬರೆಯುವುದಕ್ಕೂ ಜಾಗ ಕೊಡುತ್ತದೆ.

ಕೀಲಿಯ ವಿಷಯ ಎಷ್ಟು ಗಂಭೀರ ಎಂದು 2024ರ ಮಾರ್ಚ್ ತೋರಿಸಿತು. ಎಕ್ಸ್‌ಝೆಡ್ ಎಂಬ ಫೈಲ್ ಕುಗ್ಗಿಸುವ ಲೈಬ್ರರಿಯ 5.6.0, 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸಿಕ್ಕಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹಿಡಿದರು. ಅದನ್ನು ತುರುಕಿದ ಖಾತೆ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಪ್ಯಾಚ್‌ಗಳನ್ನು ಕಳಿಸಿ ಮೇಂಟೇನರ್ ಸ್ಥಾನ ಪಡೆದಿತ್ತು. ದಣಿದಿದ್ದ ಮೂಲ ಮೇಂಟೇನರ್ ಮೇಲೆ, ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಎಂದು ಬೇರೆ ಖಾತೆಗಳು ಒತ್ತಡ ತಂದಿದ್ದವು. ಅಂದರೆ ಜಗಳವೇ ಇಲ್ಲಿ ಆಯುಧವಾಗಿತ್ತು. ಕಳ್ಳಬಾಗಿಲನ್ನು ಚಾಲೂ ಮಾಡುವ ಸಾಲು ಗಿಟ್‌ನಲ್ಲಿ ಇರಲೇ ಇಲ್ಲ, ಬಿಡುಗಡೆಯ ಟಾರ್ ಫೈಲಿನಲ್ಲಿ, ಅಂದರೆ ಹಂಚಲು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಟ್ಯಾಗ್‌ನಿಂದ ತಾವೇ ಟಾರ್ ಕಟ್ಟಿ, ಬಿಡುಗಡೆಯಾದದ್ದರ ಜೊತೆ ಹೋಲಿಸಿ ನೋಡುವ ಕೆಲಸವನ್ನು ಎರಡನೇ ವ್ಯಕ್ತಿಯೊಬ್ಬರು ಮಾಡಬೇಕು ಎನ್ನುವುದು ಇದಕ್ಕೇ. ನಿಧಾನ ಮಾಡುವ ಮೇಂಟೇನರನ್ನು ಬೈಯುವ ಮುನ್ನ ಈ ಪ್ರಕರಣವನ್ನು ಎಲ್ಲರೂ ನೆನೆಯಬೇಕೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ಕೊನೆಯ ಮಾತು ಯಾರದು? ಅಪಾಚೆ ಯೋಜನೆಗಳಲ್ಲಿ ಕೋಡಿನ ಬದಲಾವಣೆಯೊಂದಕ್ಕೆ ಮೈನಸ್ ಒಂದು, ಅಂದರೆ ವಿರೋಧದ ಮತ ಹಾಕಿದರೆ ಅದು ವೀಟೊ, ಆದರೆ ತಾಂತ್ರಿಕ ಕಾರಣ ಕೊಡದ ವೀಟೊ ಅಸಿಂಧು. ಬಿಡುಗಡೆಗೆ ವೀಟೊ ಇಲ್ಲ, ‘ಪ್ಲಸ್ ಒಂದು’ ಎಂಬ ಒಪ್ಪಿಗೆಯ ಮತ ಕನಿಷ್ಠ ಮೂರು ಬೇಕು, ಸಾಮಾನ್ಯವಾಗಿ 72 ಗಂಟೆ ಕಾಯುವುದು. ಬೇರೆ ಬೇರೆ ದೇಶದಲ್ಲಿ ನಿದ್ದೆ ಮಾಡುವವರಿಗೂ ಸಮಯ ಸಿಗಲಿ ಎಂದು. ರಸ್ಟ್ ಭಾಷೆಯವರು ದೊಡ್ಡ ಪ್ರಸ್ತಾವಕ್ಕೆ ಕೊನೆಯಲ್ಲಿ ಹತ್ತು ದಿನದ ಗಡುವು ಇಡುತ್ತಾರೆ. ಪೈಥಾನ್‌ನಲ್ಲಿ ಕೊನೆಯ ಮಾತು ಆ ಭಾಷೆಯನ್ನು ಸೃಷ್ಟಿಸಿದ ಗೀಡೊ ವಾನ್ ರಾಸಮ್ ಅವರದಾಗಿತ್ತು. ಕೋಡಿನಲ್ಲಿ ಒಂದು ಹೆಸರಿಗೆ ಬೆಲೆ ತುಂಬುವುದನ್ನೂ ಅದನ್ನು ಅಲ್ಲೇ ಬಳಸುವುದನ್ನೂ ಒಟ್ಟಿಗೆ ಮಾಡುವ ಒಂದು ಚಿಹ್ನೆಯ ಜಗಳದ ನಂತರ, 2018ರ ಜುಲೈನಲ್ಲಿ ಅವರು ಸ್ಥಾನ ಬಿಟ್ಟರು. ಚಿಹ್ನೆ ಪೈಥಾನ್ 3.8ರಲ್ಲಿ ಬಂತು. ಈಗ ಐವರ ಚುನಾಯಿತ ಮಂಡಳಿ ಇದೆ, ಅದರಲ್ಲಿ ಒಂದೇ ಕಂಪನಿಯವರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ.

ನಾಲ್ಕೇ ಜನರ ತಂಡಕ್ಕೆ ಮಂಡಳಿ ಬೇಡ, ಆದರೆ ರೆಪೊದಲ್ಲಿ ಒಂದು ಫೈಲ್ ಬೇಕು. ಅದರಲ್ಲಿ ಇಷ್ಟು ಬರೆದರೆ ಸಾಕು: ಮರ್ಜ್ ಮಾಡುವವರು ಯಾರು ಯಾರು. ತಮ್ಮ ಕೋಡನ್ನು ತಾವೇ ಮರ್ಜ್ ಮಾಡಬಹುದೋ ಇಲ್ಲವೋ. ಇಬ್ಬರು ಒಪ್ಪದಿದ್ದರೆ ಎಷ್ಟು ದಿನ ಕಾಯುವುದು, ಆಮೇಲೆ ತೀರ್ಮಾನ ಯಾರದು. ರಿಜಿಸ್ಟ್ರಿಯ ಖಾತೆಗೆ ಎರಡನೇ ಮಾಲೀಕರು ಯಾರು. ಡೊಮೇನ್ ಹೆಸರು ಯಾರ ಹೆಸರಿನಲ್ಲಿದೆ, ಮುಂದಿನ ನವೀಕರಣ ಯಾವ ತಿಂಗಳು. ಆರು ತಿಂಗಳು ಯಾರಿಂದಲೂ ಉತ್ತರ ಬರದಿದ್ದರೆ ಪ್ಯಾಕೇಜಿನ ಹೆಸರು ಯಾರಿಗೆ ಹೋಗಬೇಕು.